ಗಾಬರಿ ಬಂದಾಗ ಪಕ್ಕದಲ್ಲಿರುವವನಿಗೆ

ಮಗು,

ಹೆಂಡತಿಗೆ ಪ್ಯಾನಿಕ್ ಅಟ್ಯಾಕ್ ಬಂದ ಹೊತ್ತಿನಲ್ಲಿ ನಾನೇನು ಮಾಡಲಿ ದೊಡ್ಡಪ್ಪ ಎಂದು ಕೇಳಿದ್ದೀಯ. ತಾಲ್ಲೂಕು ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು ನಿವೃತ್ತನಾದವನು ನಾನು, ಡಾಕ್ಟರಲ್ಲ. ಆದರೂ ಎದೆ ಹಿಡಿದುಕೊಂಡು ಬಂದ ಹೆಂಗಸರನ್ನೂ, ಅವರ ಹಿಂದೆ ಅವರಿಗಿಂತ ಹೆಚ್ಚು ಬೆವರುತ್ತಾ ಬಂದ ಗಂಡಂದಿರನ್ನೂ ಬಹಳ ನೋಡಿದ್ದೇನೆ.

ಮೊದಲು ಹೃದಯದ ವಿಚಾರ ಮುಗಿಸಿಬಿಡೋಣ. ಮೊದಲ ಸಲ ಬಂದಾಗ ಇಸಿಜಿ ಮಾಡಿಸಿದ್ದು ಸರಿ. ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸು, ಅದು ಹೆಚ್ಚಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಹೃದಯ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಪ್ರತಿ ಸಲ ಇಸಿಜಿಗೆ ಓಡುವುದು ಬೇಡ. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದದ್ದು ನಿನಗೂ ನೆನಪಿರಬೇಕು. ರಿಪೋರ್ಟು ಕೈಗೆ ಬಂದರೆ ಭಯ ಎರಡು ದಿನ ಸುಮ್ಮನಿರುತ್ತದೆ, ಮೂರನೇ ದಿನ ಇನ್ನೊಂದು ರಿಪೋರ್ಟು ಕೇಳುತ್ತದೆ. ಆದರೆ ಯಾವತ್ತೂ ಇಲ್ಲದ ಬಗೆಯ ನೋವು, ಮೆಟ್ಟಿಲು ಹತ್ತಿದಾಗ ಹೆಚ್ಚುವ ನೋವು, ತೋಳಿಗೋ ದವಡೆಗೋ ಹರಡುವ ನೋವು, ಎಚ್ಚರ ತಪ್ಪುವುದು, ಇಂಥದ್ದು ಕಂಡರೆ ಯೋಚಿಸುತ್ತಾ ಕೂರಬೇಡ, ಆಸ್ಪತ್ರೆಗೆ ಹೊರಡು.

ಇನ್ನು ಆ ಹೊತ್ತು. ಎದುರಿಗೆ ಯಾವ ಅಪಾಯವೂ ಇಲ್ಲದಿದ್ದರೂ ಅಡ್ರಿನಲಿನ್ ಮೈಯನ್ನೆಲ್ಲ ಓಟಕ್ಕೆ ಅಣಿಗೊಳಿಸಿರುತ್ತದೆ. ಉಸಿರಾಟ ಜೋರಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ; ಬೆರಳು ಜುಮುಗುಟ್ಟುವುದು, ತಲೆ ತೇಲಿದಂತಾಗುವುದು ಅದರಿಂದ. 'ಸತ್ತೇ ಹೋಗ್ತೀನಿ' ಎಂದು ಅವಳು ಹೇಳಿದರೆ ನಾಟಕ ಅಂದುಕೊಳ್ಳಬೇಡ, ಆಗ ಅವಳಿಗೆ ಹಾಗೇ ಅನ್ನಿಸುತ್ತಿರುತ್ತದೆ. ಸಾಮಾನ್ಯವಾಗಿ 10 ನಿಮಿಷದೊಳಗೆ ಗಾಬರಿ ಏರಬೇಕಾದಷ್ಟು ಏರಿ, ಅರ್ಧ ಗಂಟೆಯಲ್ಲಿ ಇಳಿದಿರುತ್ತದೆ. ನೀನು ಏನೂ ಮಾಡದಿದ್ದರೂ ಇಳಿಯುತ್ತದೆ. ಇದನ್ನು ಮೊದಲು ನೀನು ನಂಬು. ಅವಳು ಆಗ ನೋಡುವುದು ನಿನ್ನ ಮುಖವನ್ನು.

ಪಕ್ಕದಲ್ಲಿ ಕೂತುಕೋ. ಕೈ ಹಿಡಿಯಲಾ ಎಂದು ಕೇಳಿ ಹಿಡಿ, ಕೆಲವರಿಗೆ ಆ ಹೊತ್ತಿನಲ್ಲಿ ಯಾರು ಮುಟ್ಟಿದರೂ ಆಗುವುದಿಲ್ಲ. 'ಏನೂ ಆಗಿಲ್ಲ, ಸುಮ್ನಿರು' ಎನ್ನಬೇಡ. 'ಹೋದ ಸಲಾನೂ ಹೀಗೇ ಬಂದು ಇಳೀತು, ನಾನಿಲ್ಲೇ ಇದ್ದೀನಿ' ಅಂದರೆ ಸಾಕು. ಉಸಿರಾಡು ಉಸಿರಾಡು ಎಂದು ಕೂಗುವ ಬದಲು ನೀನೇ ನಿಧಾನವಾಗಿ ಉಸಿರು ಬಿಡು, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು. ಕೇಳಿಸಿಕೊಂಡು ಅವಳೂ ಹಾಗೇ ಬಿಡುತ್ತಾಳೆ. ಬಾಯಿಗೆ ಕವರು ಹಿಡಿಯುವ ಹಳೇ ಉಪಾಯ ಬೇಡವೇ ಬೇಡ. ಸುತ್ತ ಸೇರಿದವರಲ್ಲಿ ಒಬ್ಬರು ಮೂರ್ಛೆ ಎಂದು ಕೈಗೆ ಬೀಗದಕೈ ತುರುಕುತ್ತಾರೆ, ಇನ್ನೊಬ್ಬರು ಈನೋ ಕಲಸುತ್ತಾರೆ. (ಗ್ಯಾಸ್ಟ್ರಿಕ್ಕಿನಿಂದ ಶುರುವಾಗದ ಕಾಯಿಲೆ ನಮ್ಮ ಜನಕ್ಕೆ ಗೊತ್ತಿಲ್ಲ.) ಅವರನ್ನು ನಯವಾಗಿ ಆಚೆ ಕಳಿಸುವುದು ನಿನ್ನ ಪಾಲಿನ ಕೆಲಸ.

ನನಗೆ ನಿಜವಾದ ಚಿಂತೆ ಇರುವುದು ಆ ಅರ್ಧ ಗಂಟೆಯದ್ದಲ್ಲ, ಉಳಿದ ದಿನಗಳದ್ದು. ಬಸ್ಸಿನಲ್ಲಿ ಬಂತೆಂದು ಅವಳು ಬಸ್ಸು ಬಿಟ್ಟಳು. ಅಂಗಡಿಯ ಬಿಲ್ಲಿನ ಸಾಲಿನಲ್ಲಿ ಬಂತೆಂದು ಸಾಮಾನು ನೀನು ತರತೊಡಗಿದೆ. ಈಗ ಮದುವೆಮನೆಗೂ ಇಲ್ಲ, ಸಿನಿಮಾಕ್ಕೂ ಇಲ್ಲ, ನೀನಿಲ್ಲದೆ ಗೇಟು ದಾಟುವುದೂ ಇಲ್ಲ. ಎಲ್ಲವನ್ನೂ ನೀನು ಪ್ರೀತಿಯಿಂದಲೇ ಮಾಡಿದ್ದೀಯ. ಆದರೆ ತಪ್ಪಿಸಿಕೊಂಡ ಪ್ರತಿ ಜಾಗವೂ ಅವಳ ಮನಸ್ಸಿನಲ್ಲಿ ಅಪಾಯದ ಜಾಗವಾಗಿಯೇ ಉಳಿಯುತ್ತದೆ, ಅಲ್ಲಿ ಏನೂ ಆಗುವುದಿಲ್ಲ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಹಾಗೆಂದು ಬಲವಂತವಾಗಿ ಎಳೆದುಕೊಂಡು ಹೋದರೆ ಇನ್ನೂ ಕೆಡುತ್ತದೆ.

ಅವಳು ಒಪ್ಪಿದರೆ ಒಂದು ಭಾನುವಾರ ಬೆಳಿಗ್ಗೆ ಮೆಟ್ರೋ ಹತ್ತಿ. ವಿಜಯನಗರದಿಂದ ಹೊಸಹಳ್ಳಿಗೆ ಒಂದೇ ನಿಲ್ದಾಣ. ಇಳಿದು ಅಲ್ಲೇ ಒಂದಿಷ್ಟು ಹೊತ್ತು ಕೂತು ಬನ್ನಿ. ಅದು ಸಲೀಸಾದ ಮೇಲೆ ಮಾಗಡಿ ರಸ್ತೆಯವರೆಗೆ. ಅಲ್ಲಿಂದ ಮುಂದೆ ರೈಲು ಸುರಂಗಕ್ಕಿಳಿಯುತ್ತದೆ, ಅದಕ್ಕೆ ಅವಸರ ಬೇಡ. ಇನ್ನೊಂದು ದಿನ ನೀನು ಬೇರೆ ಬೋಗಿಯಲ್ಲಿ ಕೂರು. ಮತ್ತೊಂದು ದಿನ ಹೊಸಹಳ್ಳಿಯ ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಾ ನಿಲ್ಲು, ಅವಳೊಬ್ಬಳೇ ಬರಲಿ. ನಡುವೆ ಗಾಬರಿಯಾದರೆ ಆಗಲಿ, ಅದು ಇಳಿಯುವ ತನಕ ಅಲ್ಲೇ ಇರುವುದೇ ಅಭ್ಯಾಸ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಎನ್ನುತ್ತಾರಲ್ಲ, ಅದರಲ್ಲಿ ಇದೂ ಒಂದು ಭಾಗ. ಯಾವ ಮೆಟ್ಟಿಲಾದ ಮೇಲೆ ಯಾವುದು ಎಂಬುದನ್ನು ಚಿಕಿತ್ಸಕರ ಜೊತೆ ಕೂತು ಅವಳೇ ಬರೆದುಕೊಳ್ಳಲಿ.

ಮಾನಸಿಕ ಡಾಕ್ಟರು ಅಂದರೆ ಜನ ಏನಂದಾರು ಎಂಬ ಮಾತು ನಿನ್ನ ಬಾಯಲ್ಲಿ ಬರಬಾರದು. ನಮ್ಮಂಥ ತಾಲ್ಲೂಕು ಆಸ್ಪತ್ರೆಗಳಲ್ಲೇ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ, ನಿಮಗೆ ನಿಮ್ಹಾನ್ಸ್ ಊರಲ್ಲೇ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ 14416ಕ್ಕೆ ನಡುರಾತ್ರಿ ಫೋನ್ ಮಾಡಿದರೂ ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಡಾಕ್ಟರು ದಿನದ ಮಾತ್ರೆ ಬರೆದರೆ ಅದು ಹಿಡಿಯುವುದಕ್ಕೆ ಕೆಲವು ವಾರ ಬೇಕು. ಎಂಟು ದಿನಕ್ಕೆ 'ಏನೂ ಪ್ರಯೋಜನ ಇಲ್ಲ' ಎಂದು ನಿಲ್ಲಿಸಿದವರನ್ನು ಕಿಟಕಿಯಿಂದ ಎಷ್ಟೋ ನೋಡಿದ್ದೇನೆ. ತಕ್ಷಣ ತಣ್ಣಗಾಗಿಸುವ ಆಲ್ಪ್ರಜೋಲಾಂ ಬೇರೆ ಜಾತಿ. ಅದು ಅಂಟಿಕೊಳ್ಳುತ್ತದೆ. ಪರಿಚಯದ ಮೆಡಿಕಲ್ ಶಾಪಿನವನು ಚೀಟಿ ಇಲ್ಲದೆ ಕೊಟ್ಟರೂ ತರಬೇಡ. ಸ್ಟ್ರಾಂಗ್ ಕಾಫಿ ಕಡಿಮೆ ಮಾಡಿದರೆ ಒಳ್ಳೆಯದು, ನಮ್ಮ ಮನೆತನಕ್ಕೆ ಇದು ಕಷ್ಟದ ಮಾತು, ಗೊತ್ತು.

ನೀನೂ ವಾರಕ್ಕೊಂದು ಸಂಜೆ ಷಟಲ್ ಆಡಲು ಹೋಗುತ್ತಿದ್ದೆಯಲ್ಲ, ಅದನ್ನು ಬಿಡಬೇಡ. ನೀನು ಆ ಎರಡು ಗಂಟೆ ಮನೆಯಲ್ಲಿಲ್ಲದಿರುವುದು ಅವಳಿಗೂ ಒಂದು ಮೆಟ್ಟಿಲು.

ಬರುವ ತಿಂಗಳು ನಮ್ಮ ಮನೆಯ ಮದುವೆ. ಬರುವುದೋ ಬಿಡುವುದೋ ಅವಳೇ ಹೇಳಲಿ, ಅವಳ ಪರವಾಗಿ ನೀನು ಉತ್ತರ ಕೊಡಬೇಡ. ಮುಹೂರ್ತಕ್ಕೆ ಬೇಡ ಅನ್ನಿಸಿದರೆ ಊಟದ ಹೊತ್ತಿಗೆ ಬರಲಿ, ಬೇಕಾದಾಗ ಎದ್ದು ಹೊರಗೆ ಹೋಗಿ ಬರಲಿ. ನಿನ್ನ ದೊಡ್ಡಮ್ಮನಿಗೆ ನಾನು ಹೇಳಿರುತ್ತೇನೆ.