ಬಚ್ಚಲಿಗೆ ಇನ್‌ಸ್ಟಂಟ್ ಗೀಸರ್: ಕೆಲಸ ಗೆಲ್ಲಲು ಹತ್ತು ಸೂತ್ರಗಳು

ಕರ್ನಾಟಕ ಏಕೀಕರಣದ ಹೋರಾಟಗಾರ ಅಂದಾನಪ್ಪ ದೊಡ್ಡಮೇಟಿ ಅವರ ಊರು ಜಕ್ಕಲಿ. ಅಲ್ಲೂ, ಸುತ್ತಲಿನ ರೋಣ, ನರೇಗಲ್, ಗಜೇಂದ್ರಗಡ ಸೀಮೆಯಲ್ಲೂ ಹಂಡೆಯ ಒಲೆಗೆ ಹತ್ತಿಕಟ್ಟಿಗೆ, ಜಾಲಿ ಕಟ್ಟಿಗೆ ಒಟ್ಟಿ ಜಳಕದ ನೀರು ಕಾಯಿಸುವುದು ಹಳೆಯ ರೂಢಿ. ಹೊಸ ಆರ್‌ಸಿಸಿ ಮನೆಗಳಲ್ಲಿ ಒಲೆಗೆ ಜಾಗವಿಲ್ಲ. ಹೊಗೆ ಸಾಕು ಎಂದು ಹೆಣ್ಣುಮಕ್ಕಳು ಹೇಳಿದ್ದೂ ಸರಿಯಾಗಿಯೇ ಇದೆ. ಒಲೆ ಹೋದ ಮನೆಗಳಲ್ಲಿ ಬಕೆಟ್ಟಿಗೆ ಕರೆಂಟ್ ಕಾಯಿಲ್ ಇಳಿಬಿಡುವುದು ಶುರುವಾಗುತ್ತದೆ. ಅದು ಒಲೆಗಿಂತ ಅಪಾಯದ್ದು. ಅದಕ್ಕಿಂತ ಗೋಡೆಗೆ ತೂಗುಹಾಕುವ ಪುಟ್ಟ ಇನ್‌ಸ್ಟಂಟ್ ಗೀಸರ್ ಎಷ್ಟೋ ಮೇಲು. ಇದರಲ್ಲಿ ದೊಡ್ಡ ಟ್ಯಾಂಕ್ ಇಲ್ಲ. ಹರಿದು ಬರುವ ನೀರೇ ಕಾದು ಹೊರಬರುತ್ತದೆ. ಕೈಯಲ್ಲಿ ಕೆಲಸ ಇರುವವರು ಇದನ್ನು ಬಹುಪಾಲು ತಾವೇ ಕೂಡಿಸಬಹುದು. ತಯಾರಿ ಸರಿಯಿದ್ದರೆ ಕೆಲಸ ಅರ್ಧ ಮುಗಿದಂತೆ.

1. ನಿಮ್ಮ ಪಾಲು ಯಾವುದು, ವೈರ್‌ಮನ್ ಪಾಲು ಯಾವುದು ಎಂದು ಮೊದಲೇ ಗೆರೆ ಎಳೆಯಿರಿ

ಜಾಗ ಗುರುತಿಸುವುದು, ಗೋಡೆಗೆ ತೂತು ಹಾಕುವುದು, ಗೀಸರ್ ತೂಗುಹಾಕುವುದು, ಪೈಪ್ ಜೋಡಿಸುವುದು, ಸೋರಿಕೆ ನೋಡುವುದು ನಿಮ್ಮ ಕೆಲಸ. ಮೀಟರ್ ಬೋರ್ಡಿನಿಂದ ಹೊಸ ಲೈನ್ ಎಳೆಯುವುದು, ಎಂಸಿಬಿ ಕೂಡಿಸುವುದು, ಅರ್ಥಿಂಗ್ ಪರೀಕ್ಷಿಸುವುದು ಲೈಸೆನ್ಸ್ ಇರುವ ವೈರ್‌ಮನ್ ಕೆಲಸ. ಈ ಗೆರೆ ದಾಟಬೇಡಿ. ಪೈಪ್ ತಪ್ಪಿದರೆ ನೆಲ ಒದ್ದೆಯಾಗುತ್ತದೆ. ವೈರ್ ತಪ್ಪಿದರೆ ಜೀವ ಹೋಗುತ್ತದೆ.

2. ಅಂಗಡಿಗೆ ಹೋಗುವ ಮುನ್ನ ಮನೆಯ ಲೋಡ್ ನೋಡಿ

3 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. 4.5 ಕಿಲೋವ್ಯಾಟಿನದು ಸುಮಾರು 20 ಆಂಪಿಯರ್. ನಿಮ್ಮ ಹೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟೆಂದು ಅಚ್ಚಾಗಿರುತ್ತದೆ. ಅದು ಗೀಸರಿಗಿಂತ ಕಡಿಮೆ ಇದ್ದರೆ ಮೊದಲು ಸೆಕ್ಷನ್ ಆಫೀಸಿಗೆ ಹೋಗಿ ಲೋಡ್ ಹೆಚ್ಚಿಸಿಕೊಳ್ಳಿ. ಒಂದೆರಡು ಬಲ್ಬಿಗೆಂದು ಕೊಟ್ಟ ಭಾಗ್ಯಜ್ಯೋತಿ, ಕುಟೀರಜ್ಯೋತಿ ಸಂಪರ್ಕದ ತಂತಿಗೆ ಗೀಸರ್ ಜೋಡಿಸಲೇಬಾರದು. ಇನ್ವರ್ಟರ್ ಲೈನಿಗೂ ಬೇಡ.

3. ನೀರಿನ ಲೆಕ್ಕ ಹಾಕಿ, ಆಮೇಲೆ ಗೀಸರ್ ಆರಿಸಿ

‘ಇನ್‌ಸ್ಟಂಟ್’ ಎಂದರೆ ನಳ ಪೂರ್ತಿ ತಿರುಗಿಸಿದ ಕೂಡಲೇ ಬಿಸಿನೀರು ಭೋರ್ಗರೆಯುತ್ತದೆ ಎಂದುಕೊಳ್ಳಬೇಡಿ. ಮಾರ್ಗಶಿರದ ಬೆಳಗ್ಗೆ ಮಾಳಿಗೆ ಮೇಲಿನ ಟ್ಯಾಂಕಿನ ನೀರು 22 ಡಿಗ್ರಿ ಇದೆ, ಜಳಕಕ್ಕೆ 40 ಡಿಗ್ರಿ ಬೇಕು ಎಂದಿಟ್ಟುಕೊಳ್ಳಿ. 18 ಡಿಗ್ರಿ ಏರಿಸಬೇಕು. 3 ಕಿಲೋವ್ಯಾಟ್ ಗೀಸರ್ ಅಷ್ಟು ಬಿಸಿ ಮಾಡಿ ನಿಮಿಷಕ್ಕೆ ಕೊಡುವುದು ಸುಮಾರು 2.4 ಲೀಟರ್ ಮಾತ್ರ. 15 ಲೀಟರಿನ ಬಕೆಟ್ ತುಂಬಲು ಆರು ನಿಮಿಷಕ್ಕೆ ಮೇಲೆ ಹಿಡಿಯುತ್ತದೆ. 4.5 ಕಿಲೋವ್ಯಾಟಿನದು ನಾಲ್ಕು ನಿಮಿಷದ ಆಸುಪಾಸಿನಲ್ಲಿ ತುಂಬಿಸುತ್ತದೆ.

ವೋಲ್ಟೇಜ್ ಇಳಿದರೆ ಈ ಲೆಕ್ಕವೂ ಕೆಡುತ್ತದೆ. 230ರ ಬದಲು 180 ವೋಲ್ಟ್ ಬಂದರೆ 3 ಕಿಲೋವ್ಯಾಟ್ ಗೀಸರಿನ ನಿಜವಾದ ಬಲ 1.84 ಕಿಲೋವ್ಯಾಟಿಗೆ ಇಳಿಯುತ್ತದೆ. ಗೀಸರ್ ಕೆಟ್ಟಿದೆ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಇಳಿಯುವ ಮೊದಲು ಬೆಳಗಿನ ಹೊತ್ತಿನ ವೋಲ್ಟೇಜ್ ಅಳೆಸಿ.

ಖರ್ಚಿನ ಮಾತು: ಅಂಥ ಒಂದು ಬಕೆಟ್ ನೀರಿಗೆ ಬೇಕಾಗುವುದು ಸುಮಾರು ಮೂರನೇ ಒಂದು ಯೂನಿಟ್. ದಿನಕ್ಕೆ ನಾಲ್ಕು ಬಕೆಟ್ ಆದರೆ ತಿಂಗಳಿಗೆ 38 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಉಚಿತ ಯೂನಿಟ್ 200ರ ಒಳಗೆ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿಯ ಮೇಲೆ ನಿಗದಿಯಾಗಿರುತ್ತದೆ. ನಿಮ್ಮ ಮಿತಿ ಎಷ್ಟೆಂದು ಬಿಲ್ ನೋಡಿ ತಿಳಿದುಕೊಳ್ಳಿ.

4. ಗ್ಯಾಸ್ ಗೀಸರ್ ಆದರೆ ಬಚ್ಚಲೊಳಗೆ ಬೇಡವೇ ಬೇಡ

ನಿಮಿಷಕ್ಕೆ ಆರು ಲೀಟರ್ ಬಿಸಿನೀರು ಕೊಡುತ್ತದೆ, ಕರೆಂಟಿನ ಹಂಗಿಲ್ಲ ಎಂದು ಹಲವರು ಗ್ಯಾಸ್ ಗೀಸರ್ ಕಡೆ ಒಲಿಯುತ್ತಾರೆ. ಆದರೆ ಮುಚ್ಚಿದ ಬಚ್ಚಲಲ್ಲಿ ಉರಿಯುವ ಜ್ವಾಲೆ ಗಾಳಿಯ ಆಮ್ಲಜನಕವನ್ನು ತಿಂದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತುವಷ್ಟರಲ್ಲಿ ಕೈಕಾಲಿನ ಬಲ ಹೋಗಿರುತ್ತದೆ. ಹೀಗೆ ಉಸಿರುಗಟ್ಟಿ ಸತ್ತವರ ಸುದ್ದಿ ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗ್ಯಾಸ್ ಗೀಸರ್ ಹಾಕುವುದೇ ಆದರೆ ಅದನ್ನೂ ಸಿಲಿಂಡರನ್ನೂ ಹೊರಗೆ ಗಾಳಿಯಾಡುವ ಕಡೆ ಇಡಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ.

5. ನಿಮ್ಮ ಬೋರಿನ ನೀರನ್ನು ಅರಿಯಿರಿ

ಈ ಸೀಮೆಯ ಬೋರ್‌ವೆಲ್ ನೀರು ಗಡುಸು. ಸೋಪು ನೊರೆ ಬಾರದು, ಹಂಡೆಯ ತಳಕ್ಕೆ ಬಿಳಿ ಪದರ ಕೂಡುತ್ತದೆ. ಅದೇ ಸುಣ್ಣ ಗೀಸರಿನ ಕಾಯಿಲ್ ಮೇಲೂ ಕೂಡುತ್ತದೆ. ಪದರ ದಪ್ಪವಾದಂತೆ ಶಾಖ ನೀರಿಗೆ ಇಳಿಯದೆ ಕಾಯಿಲ್ಲೇ ಸುಟ್ಟುಹೋಗುತ್ತದೆ. ನೀರು ಹೆಚ್ಚು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಆದ್ದರಿಂದ ಥರ್ಮೋಸ್ಟಾಟ್ ಇರುವ ಗೀಸರಿನಲ್ಲಿ ಅದನ್ನು ತೀರ ಮೇಲಕ್ಕೆ ಇಡಬೇಡಿ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಗಡುಸು ನೀರಿಗೆ ತಕ್ಕ ಕಾಯಿಲ್ ಇದೆಯೇ, ಕಾಯಿಲ್ ಬೇರೆ ಸಿಗುತ್ತದೆಯೇ, ದುರಸ್ತಿಯವರು ರೋಣ ಅಥವಾ ಗದಗದಿಂದ ಬರುತ್ತಾರೆಯೇ ಎಂದು ಕೇಳಿ ದುಡ್ಡು ಕೊಡಿ.

ಗದಗ ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕಾಯಿಸಿದರೆ ಅದು ಹೋಗುವುದಿಲ್ಲ. ಗೀಸರ್ ನೀರು ಜಳಕಕ್ಕೆ ಮಾತ್ರ, ಅಡುಗೆಗೂ ಕುಡಿಯಲೂ ಬೇಡ.

6. ಗೋಡೆಯ ಗಟ್ಟಿತನ ಪರೀಕ್ಷಿಸಿ

ಹಳೆಯ ಮಾಳಿಗೆ ಮನೆಯ ಮಣ್ಣಿನ ಗೋಡೆಗೆ ಆ್ಯಂಕರ್ ಬೋಲ್ಟ್ ಹಿಡಿಯುವುದಿಲ್ಲ. ಅಂಥಲ್ಲಿ ಗೋಡೆಯ ಆಚೆಈಚೆ ಹಲಗೆ ಕೊಟ್ಟು ಉದ್ದನೆಯ ಬೋಲ್ಟ್ ಬಿಗಿಯಿರಿ, ಇಲ್ಲವೇ ನೆಲಕ್ಕೆ ಕೂಡಿಸಿದ ಕಬ್ಬಿಣದ ಚೌಕಟ್ಟಿಗೆ ಗೀಸರ್ ತೂಗುಹಾಕಿ. ಇಟ್ಟಿಗೆ, ಕಲ್ಲಿನ ಗೋಡೆಗೆ ಚಿಂತೆಯಿಲ್ಲ. ಸಂದಿನ ಗಾರೆಗೆ ತೂತು ಹಾಕದೆ ಗಟ್ಟಿ ಭಾಗಕ್ಕೆ ಹಾಕಿ. ತೂತು ಹಾಕುವ ಮೊದಲು ಒಳಗೆ ಪೈಪ್, ವೈರ್ ಹಾದಿದೆಯೇ ಎಂದು ವಿಚಾರಿಸಿ. ಆಳೆತ್ತರದ ಮೇಲೆ, ನೀರು ಸಿಡಿಯದ ಮೂಲೆ ಒಳ್ಳೆಯದು. ಬಿಚ್ಚಿ ರಿಪೇರಿ ಮಾಡಲು ಸುತ್ತ ಕೈಯಾಡುವಷ್ಟು ಜಾಗ ಬಿಡಿ.

7. ಪೈಪ್ ಕೆಲಸವನ್ನು ಅವಸರವಿಲ್ಲದೆ ಮಾಡಿ

ಬಿಸಿನೀರಿನ ಕಡೆಗೆ ಸಿಪಿವಿಸಿ ಪೈಪ್ ಬೇಕು. ತಣ್ಣೀರಿನ ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗಿ ಬಾಗುತ್ತದೆ. ಗೀಸರಿನ ಬಾಯಿಗೆ ನೇರವಾಗಿ ಪ್ಲಾಸ್ಟಿಕ್ ಪೈಪ್ ಕೊಡದೆ ಹೆಣೆದ ಸ್ಟೀಲ್ ಕನೆಕ್ಷನ್ ಪೈಪ್ ಹಾಕಿ. ನೀಲಿ ಗುರುತು ತಣ್ಣೀರು ಒಳಬರುವ ಬಾಯಿ, ಕೆಂಪು ಗುರುತು ಬಿಸಿನೀರು ಹೊರಹೋಗುವ ಬಾಯಿ. ತಣ್ಣೀರಿನ ಕಡೆ ಒಂದು ಸ್ಟಾಪ್ ಕಾಕ್ ಇರಲಿ. ಟೆಫ್ಲಾನ್ ಟೇಪನ್ನು ಥ್ರೆಡ್ ಬಿಗಿಯುವ ದಿಕ್ಕಿನಲ್ಲೇ ಸುತ್ತಿ. ಪ್ಲಾಸ್ಟಿಕ್ ಥ್ರೆಡ್ ಮೇಲೆ ಪಾನಾದ ಬಲ ಪೂರ್ತಿ ತೋರಿಸಬೇಡಿ, ಸೀಳುತ್ತದೆ.

ಜೊತೆಗೆ ಬಂದ ಸೇಫ್ಟಿ ವಾಲ್ವಿನ ಬಾಯಿಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಕೆಲವು ಮಾದರಿಗಳ ಬಿಸಿನೀರಿನ ಬಾಯಿಗೆ ನಳ ಕೂಡಿಸುವಂತಿಲ್ಲ, ತಣ್ಣೀರಿನ ಕಡೆಯೇ ನಳ ಇರಬೇಕು. ನಿಮ್ಮದು ಯಾವ ಬಗೆ ಎಂಬುದು ಕೈಪಿಡಿಯಲ್ಲಿರುತ್ತದೆ. ಟ್ಯಾಂಕ್ ಒಂದು ಮೀಟರ್ ಮೇಲಿದ್ದರೆ ಸಿಗುವ ಒತ್ತಡ 0.1 ಬಾರ್ ಅಷ್ಟೇ. ಗೀಸರಿಗೆ ಕನಿಷ್ಠ ಎಷ್ಟು ಬೇಕೆಂದು ಹೋಲಿಸಿ ನೋಡಿ.

8. ಕರೆಂಟಿಗೆ ಬೇರೆಯೇ ಲೈನ್, ಒಳ್ಳೆಯ ಅರ್ಥಿಂಗ್

ಇದು ವೈರ್‌ಮನ್ ಕೆಲಸ. ಆದರೆ ಏನು ಕೇಳಬೇಕೆಂದು ನಿಮಗೆ ಗೊತ್ತಿರಲಿ. 3 ಕಿಲೋವ್ಯಾಟ್ ಗೀಸರಿಗೆ ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಮೀಟರ್ ದೂರವಿದ್ದರೆ 4. 20 ಆಂಪಿಯರ್ ಎಂಸಿಬಿ. 16 ಆಂಪಿಯರ್ ಸಾಕೆಟ್. 4.5 ಕಿಲೋವ್ಯಾಟಿಗೆ 4 ಚದರ ಮಿಲಿಮೀಟರ್ ವೈರ್ ಮತ್ತು 25 ಆಂಪಿಯರ್ ಎಂಸಿಬಿ ಬೇಕು. ಅದಕ್ಕೆ 16 ಆಂಪಿಯರ್ ಸಾಕೆಟ್ ಸಾಲದು, ಡಬಲ್ ಪೋಲ್ ಸ್ವಿಚ್ಚಿನಿಂದ ನೇರ ಜೋಡಣೆ ಇರಲಿ. ಸ್ವಿಚ್ ಬಚ್ಚಲ ಹೊರಗಿರಲಿ.

30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಗೀಸರ್ ಹಚ್ಚಬೇಡಿ. ಕರೆಂಟ್ ಮೈಗೆ ಹರಿದ ಕ್ಷಣದಲ್ಲಿ ಲೈನ್ ಕಡಿದು ಜೀವ ಉಳಿಸುವುದು ಅದೇ. ಎಂಸಿಬಿ ಆ ಕೆಲಸ ಮಾಡುವುದಿಲ್ಲ.

ಎರೆಮಣ್ಣಿನ ಊರಿಗೆ ಅರ್ಥಿಂಗ್ ವಿಷಯದಲ್ಲಿ ವಿಶೇಷ ಕಾಳಜಿ ಬೇಕು. ಮಳೆಗಾಲದಲ್ಲಿ ಈ ಮಣ್ಣು ತೇವ ಹಿಡಿದು ಕರೆಂಟನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಅರ್ಥ್ ರಾಡಿನಿಂದ ಮಣ್ಣು ದೂರ ಸರಿಯುತ್ತದೆ. ಆದ್ದರಿಂದ ಅರ್ಥಿಂಗ್ ಪರೀಕ್ಷೆಯನ್ನು ಬೇಸಿಗೆಯಲ್ಲೇ ಮಾಡಿಸಿ, ಗುಂಡಿಗೆ ಆಗಾಗ ನೀರು ಹಾಕುತ್ತಿರಿ. ನಳದ ಪೈಪಿಗೆ ಅರ್ಥ್ ವೈರ್ ಸುತ್ತುವುದು ಮನೆಮಂದಿಗೆಲ್ಲ ಅಪಾಯ.

9. ಮೊದಲು ನೀರು, ಆಮೇಲೆ ಕರೆಂಟ್

ಹೊಸ ಗೀಸರ್ ಮೊದಲ ದಿನವೇ ಸುಟ್ಟುಹೋಗುವುದು ಒಣ ಕಾಯಿಲಿಗೆ ಕರೆಂಟ್ ಕೊಟ್ಟಾಗ. ಸ್ಟಾಪ್ ಕಾಕ್ ತೆರೆಯಿರಿ. ಬಿಸಿನೀರಿನ ಬಾಯಿಂದ ಗಾಳಿ ಹೋಗಿ ನೀರು ಸಲೀಸಾಗಿ ಹರಿಯಲಿ. ಜೋಡಣೆಗಳ ಸುತ್ತ ಒಣ ಕಾಗದ ಒತ್ತಿ ಸೋರಿಕೆ ನೋಡಿ. ಎಲ್ಲ ಸರಿಯಿದ್ದ ಮೇಲೆ ಸ್ವಿಚ್ ಹಾಕಿ. ಮೊದಲ ಸಲ ಬಕೆಟ್ಟಿಗೆ ಬಿಟ್ಟು ಬಿಸಿ ಎಷ್ಟಿದೆ ಎಂದು ಅಳೆಯಿರಿ. ನೇರ ಮೈಮೇಲೆ ಬೇಡ. ಟ್ಯಾಂಕ್ ಖಾಲಿಯಿರುವಾಗ ಸ್ವಿಚ್ ಹಾಕಬಾರದು ಎಂಬುದನ್ನು ಮನೆಯ ಹಿರಿಯರಿಗೂ ಮಕ್ಕಳಿಗೂ ತಿಳಿಸಿ ಹೇಳಿ.

10. ತಿಂಗಳಿಗೊಂದು, ಆರು ತಿಂಗಳಿಗೊಂದು ಕೆಲಸ

ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಲೈನ್ ಕಡಿಯದಿದ್ದರೆ ಅದನ್ನು ಆ ದಿನವೇ ಬದಲಿಸಿ. ಗಡುಸು ನೀರಿನ ಊರಿನಲ್ಲಿ ಆರು ತಿಂಗಳಿಗೊಮ್ಮೆ ಕಾಯಿಲ್ ತೆಗೆಸಿ, ಸಿಟ್ರಿಕ್ ಆಸಿಡ್ ಕರಗಿಸಿದ ನೀರು ಅಥವಾ ವಿನೆಗರಿನಲ್ಲಿ ನೆನೆಸಿ ಸುಣ್ಣ ಬಿಡಿಸಿ. ಚಾಕುವಿನಿಂದ ಕೆರೆದರೆ ಕಾಯಿಲ್ ಮೇಲಿನ ಹೊದಿಕೆ ಹಾಳಾಗುತ್ತದೆ. ಬಿಸಿ ಕಡಿಮೆಯಾದರೆ, ಒಳಗೆ ಚಟಪಟ ಸದ್ದು ಬಂದರೆ ಆರು ತಿಂಗಳು ಕಾಯಬೇಡಿ. ನಳ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಮೇನ್ ಸ್ವಿಚ್ ಆರಿಸಿ ವೈರ್‌ಮನ್ ಕರೆಸಿ. ಕಂಬದಿಂದ ಬರುವ ಲೈನಿನ ದೋಷಕ್ಕೆ 1912ಕ್ಕೆ ಫೋನ್ ಮಾಡಿ.

ಗೀಸರಿಗೆ ಕೊಡುವ ದುಡ್ಡಿನ ಜೊತೆಯಲ್ಲೇ ಆರ್‌ಸಿಸಿಬಿ, ಅರ್ಥಿಂಗ್ ಮತ್ತು ವೈರ್‌ಮನ್ ಕೂಲಿಯ ದುಡ್ಡನ್ನೂ ಎತ್ತಿಡಿ. ಅದು ಈ ತಿಂಗಳು ಹೊಂದದಿದ್ದರೆ ಗೀಸರನ್ನೇ ಮುಂದಿನ ತಿಂಗಳು ತನ್ನಿ. ಮತ್ತು ಬಕೆಟ್ಟಿಗೆ ಇಳಿಬಿಡುವ ಆ ಕಾಯಿಲನ್ನು ಇವತ್ತೇ ಮನೆಯಿಂದ ಆಚೆ ಹಾಕಿ.