ಹೆತ್ತವಳಿಗೂ ಒಂದು ಮಣೆ ಹಾಕಿ

ತಂಗೀ, ತಮ್ಮಾ,

ಮೊನ್ನೆ ಭಾನುವಾರ ಆರಾಧನೆ ಮುಗಿದ ಮೇಲೆ ನೀವಿಬ್ಬರೂ ನನ್ನನ್ನು ತಡೆದು ಕೇಳಿದಿರಿ: "ಅಮ್ಮಾ, ನಿಮ್ಮ ಹಾಗೆ ನಾವೂ ಒಂದು ಮಗುವನ್ನು ಮನೆಗೆ ತಂದು ಸಾಕೋಣವೇ?" ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದನ್ನು ತಿಳಿದುಕೊಳ್ಳಿ. ದತ್ತು ಬೇರೆ, ಫಾಸ್ಟರ್ ಕೇರ್ ಬೇರೆ. ನಮ್ಮ ಹಿರಿಯರ ಕಾಲದಲ್ಲಿ ಕ್ರೈಸ್ತರಿಗೆ ದತ್ತಿನ ಕಾನೂನೇ ಇರಲಿಲ್ಲ. 1890ರ ಕಾಯ್ದೆಯಡಿ ಪಾಲಕರಷ್ಟೇ ಆಗಬಹುದಿತ್ತು. 2000ದ ಬಾಲನ್ಯಾಯ ಕಾಯ್ದೆಯಿಂದ ಎಲ್ಲ ಧರ್ಮದವರಿಗೂ ದಾರಿ ತೆರೆಯಿತು. ದತ್ತು ಬಂದ ಮಗು ನಿಮ್ಮದೇ ಆಗುತ್ತದೆ. ಫಾಸ್ಟರ್ ಕೇರ್‌ನಲ್ಲಿ ಹಾಗಲ್ಲ. 2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಮಿನಂತೆ ಮಕ್ಕಳ ಕಲ್ಯಾಣ ಸಮಿತಿ ಮಗುವನ್ನು ಒಂದಷ್ಟು ಕಾಲಕ್ಕೆ ನಿಮ್ಮ ಮಡಿಲಿಗೆ ಒಪ್ಪಿಸುತ್ತದೆ. ಮಗು ಕಾನೂನಿನಂತೆ ದತ್ತಿಗೆ ಮುಕ್ತವಾದರೆ, ಎರಡು ವರ್ಷ ಸಾಕಿದವರು ದತ್ತು ಕೇಳಬಹುದೆಂದು 2024ರ ಮಾರ್ಗಸೂಚಿ ಹೇಳುತ್ತದೆ, ನಿಜ. ಆದರೆ ಆ ಆಸೆಯನ್ನೇ ಹಿಡಿದು ಬಾಗಿಲು ತೆರೆಯಬೇಡಿ. ಮಗು ತನ್ನ ಮನೆಗೆ ಮರಳಲಿ ಎಂದು ಬೇಡಿಕೊಳ್ಳುತ್ತಲೇ ಅದನ್ನು ಸಾಕಬೇಕು. ಇದೇ ಈ ಕೆಲಸದ ಕಷ್ಟ, ಇದೇ ಇದರ ಸುಖ.

ನಮ್ಮ ಮನೆಗೆ ಬಂದವಳು ಏಳು ವರ್ಷದ ಹುಡುಗಿ. ಅವಳ ತಾಯಿ ಭತ್ತ ನಾಟಿಗೆ ಹೋಗುತ್ತಿದ್ದವಳು, ಕ್ಷಯ ಹಿಡಿದು ಮಲಗಿದ್ದಳು. ಮಗು ಮೊದಲ ವಾರವಿಡೀ ರೊಟ್ಟಿಯ ಚೂರು ಮುರಿದು ಲಂಗದ ಮಡಿಕೆಯಲ್ಲಿ ಮುಚ್ಚಿಡುತ್ತಿದ್ದಳು. ಗದರಬೇಕೆನಿಸಿತು, ಗದರಲಿಲ್ಲ. ಅವಳ ಕೈಗೆಟಕುವ ಗೂಡಿನಲ್ಲಿ ಮಂಡಕ್ಕಿಯ ಡಬ್ಬಿ ಇಟ್ಟೆವು. ಅದು ಎಂದೂ ಖಾಲಿಯಾಗುವುದಿಲ್ಲವೆಂದು ನಂಬಿಕೆ ಬಂದ ದಿನ ರೊಟ್ಟಿ ಮುಚ್ಚಿಡುವುದು ತಾನೇ ನಿಂತಿತು.

ನಾನು ಎರಡು ತಪ್ಪು ಮಾಡಿದೆ, ನೀವು ಮಾಡಬೇಡಿ. ಪ್ರೀತಿಯ ಭರದಲ್ಲಿ ಅವಳಿಗೆ ಬೈಬಲಿನ ಹೆಸರೊಂದನ್ನಿಟ್ಟು ಕರೆದೆ. ಮೂರು ದಿನ ಓಗೊಡಲಿಲ್ಲ. ಊರು, ಮನೆ, ತಾಯಿ ಎಲ್ಲ ದೂರವಾದ ಮೇಲೆ ಆ ಕೂಸಿನ ಕೈಯಲ್ಲಿ ಉಳಿದದ್ದು ಅವ್ವ ಇಟ್ಟ ಹೆಸರೊಂದೇ. ಅದನ್ನೂ ಕಿತ್ತುಕೊಳ್ಳಲು ಹೋಗಿದ್ದೆ. ಇನ್ನೊಂದು, ಸಭೆಯಲ್ಲಿ ಸಾಕ್ಷಿ ಹೇಳುವಾಗ ಅವಳ ಕಥೆಯನ್ನೆಲ್ಲ ಬಿಚ್ಚಿಟ್ಟೆ. ಎಲ್ಲರೂ ಕಣ್ಣೀರು ಹಾಕಿದರು, ಅವಳು ತಲೆ ತಗ್ಗಿಸಿ ಕುಳಿತಳು. ದೇವರನ್ನು ಸ್ತುತಿಸಿದೆ ಅಂದುಕೊಂಡಿದ್ದೆ, ಸ್ತುತಿಸಿಕೊಂಡದ್ದು ನನ್ನನ್ನೇ. ಮಗುವಿನ ಸಂಕಟ ಮಗುವಿನ ಸ್ವಂತದ್ದು. ಅದನ್ನು ನಮ್ಮ ಪುಣ್ಯದ ಖಾತೆಗೆ ಬರೆದುಕೊಳ್ಳಬಾರದು. ಹಣದ ಲೆಕ್ಕವೂ ಹಾಗೆಯೇ: ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯಡಿ ತಿಂಗಳಿಗೆ 4,000 ರೂಪಾಯಿ ನೆರವುಂಟು, ಪ್ರತಿ ರೂಪಾಯಿ ಮಗುವಿನದೆಂದು ತಿಳಿದು ಬರೆದಿಡಿ.

ದೇವರ ವಿಷಯದಲ್ಲಿ ಏನು ಮಾಡಬೇಕೆಂದು ಕೇಳುತ್ತೀರಿ. ನಿಮ್ಮ ಪ್ರಾರ್ಥನೆ ನೀವು ಮಾಡಿ, ಮಗು ನೋಡಲಿ. ಆದರೆ ಅದರ ಅಸಹಾಯಕತೆಯ ಬಾಗಿಲಿನಿಂದ ನಿಮ್ಮ ನಂಬಿಕೆಯನ್ನು ಒಳಗೆ ನೂಕಬೇಡಿ. ನಾಗರಪಂಚಮಿ ಬಂದಾಗ ಅವಳು ಮೆಲ್ಲಗೆ "ನಮ್ಮೂರಾಗ ಜೋಕಾಲಿ ಕಟ್ತಾರ" ಅಂದಳು. ಯಜಮಾನರು ಹಗ್ಗ ತಂದು ಹಿತ್ತಲಿನ ಬೇವಿನ ಮರಕ್ಕೆ ಕಟ್ಟಿದರು, ನಾನು ಶೇಂಗಾ ಉಂಡೆ ಕಟ್ಟಿದೆ. ಅವಳು ಜೀಕುತ್ತಾ ಗಟ್ಟಿಯಾಗಿ ನಕ್ಕದ್ದು ಅಂದೇ ಮೊದಲು. ಆ ನಗು ಕೇಳುತ್ತ ನಾನು ಮನಸ್ಸಿನಲ್ಲೇ ಕರ್ತನಿಗೆ ಕೈ ಮುಗಿದೆ.

ಮೋಶೆಯ ಕಥೆ ನಿಮಗೆ ಗೊತ್ತು. ನದಿಯಲ್ಲಿ ಸಿಕ್ಕ ಕೂಸನ್ನು ಫರೋಹನ ಮಗಳು ಎತ್ತಿಕೊಂಡಳು. ಹಾಲೂಡಿಸಲು ಬಂದವಳು ಹೆತ್ತ ತಾಯಿಯೇ. ಎರಡು ಕೈ ಸೇರಿದ್ದರಿಂದಲೇ ಆ ಮಗು ಬದುಕಿತು. ನಾನೂ ಅದನ್ನು ನಿಧಾನಕ್ಕೆ ಕಲಿತೆ. ಸಮಿತಿಯ ಒಪ್ಪಿಗೆಯಿಂದ ಆ ತಾಯಿ ನೋಡಲು ಬಂದ ಮೊದಲ ಸಲ ನಾನು ಮಗುವನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ಆಕೆ ಬಾಗಿಲ ಬಳಿ ನೆಲದ ಮೇಲೆ ಕುಳಿತಳು. ಆಕೆ ಹೋದ ಮೇಲೆ ನನಗೆ ಊಟ ಸೇರಲಿಲ್ಲ. ಮುಂದಿನ ಸಲ ಒಳಗೆ ಮಣೆ ಹಾಕಿ, ಕೈಗೆ ಬಾಚಣಿಗೆ ಕೊಟ್ಟು, "ಜಡೆ ನೀನೇ ಹಾಕವ್ವಾ" ಅಂದೆ.

ಎರಡು ವರ್ಷ ತುಂಬುವ ಮುಂಚೆ ತಾಯಿ ಗುಣವಾದಳು, ಮಗು ಹೊರಟಿತು. ಬಸ್‌ಸ್ಟ್ಯಾಂಡಿನಿಂದ ಬಂದು ಗೂಡಿನಲ್ಲಿದ್ದ ಮಂಡಕ್ಕಿ ಡಬ್ಬಿ ನೋಡಿ ಬಿಕ್ಕಿಬಿಕ್ಕಿ ಅತ್ತೆ. ಅಳು ಬರುತ್ತದೆ, ತಂಗೀ. ಬರದಿದ್ದರೆ ನೀವು ಸಾಕಿಯೇ ಇಲ್ಲ.

ಅರ್ಜಿ ಹಾಕಿ. ಬಳ್ಳಾರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆ ನೋಡಲು ಬಂದಾಗ ಮಗುವಿಗೆ ಮಂಚ ಎಲ್ಲಿ, ಪುಸ್ತಕ ಎಲ್ಲಿ ಎಂದು ತೋರಿಸುತ್ತೀರಿ. ಅವರು ಹೋದ ಮೇಲೆ ನೀವಿಬ್ಬರೇ ಕುಳಿತು, ಹೆತ್ತವಳು ಬಂದರೆ ಎಲ್ಲಿ ಕೂರಿಸುತ್ತೀರಿ ಎಂಬುದನ್ನೂ ತೀರ್ಮಾನಿಸಿಕೊಳ್ಳಿ.