ಅಮೆರಿಕದ ಮತದಾರರ ಪಕ್ಷನಿಷ್ಠೆ: ಅದನ್ನು ಅಳೆಯುವುದು ಹೇಗೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ಮುಂದಿಟ್ಟುಕೊಂಡು ಎರಡು ಸಂಸ್ಥಾನಗಳನ್ನು ಗುರುತಿಸೋಣ. ಒಂದು, ಈಶಾನ್ಯ ಮೂಲೆಯಲ್ಲಿ ಕೆನಡಾದ ಗಡಿಗೆ ತಗುಲಿಕೊಂಡಿರುವ ವರ್ಮಾಂಟ್. ಇನ್ನೊಂದು, ದಕ್ಷಿಣದಲ್ಲಿ ಅದೇ ಹೆಸರಿನ ಮಹಾನದಿಯ ದಡದಲ್ಲಿರುವ ಮಿಸಿಸಿಪ್ಪಿ. 1856ರಿಂದ 1960ರ ವರೆಗೆ ನಡೆದ ಪ್ರತಿಯೊಂದು ಅಧ್ಯಕ್ಷ ಚುನಾವಣೆಯಲ್ಲಿಯೂ ವರ್ಮಾಂಟ್ ರಿಪಬ್ಲಿಕನ್ ಪಕ್ಷದ ಉಮೇದುವಾರನನ್ನೇ ಆರಿಸಿತು. 1876ರಿಂದ 1944ರ ವರೆಗೆ ಮಿಸಿಸಿಪ್ಪಿಯು ಒಮ್ಮೆಯೂ ತಪ್ಪದೆ ಡೆಮೊಕ್ರಾಟಿಕ್ ಪಕ್ಷದ ಪರವಾಗಿ ನಿಂತಿತು. ಆದರೆ 1992ರಿಂದ 2024ರ ವರೆಗಿನ ಒಂಬತ್ತು ಚುನಾವಣೆಗಳಲ್ಲಿಯೂ ವರ್ಮಾಂಟ್ ಡೆಮೊಕ್ರಾಟಿಕ್ ಪಕ್ಷಕ್ಕೆ ಒಲಿದಿದೆ. 1980ರಿಂದ 2024ರ ವರೆಗಿನ ಹನ್ನೆರಡರಲ್ಲಿಯೂ ಮಿಸಿಸಿಪ್ಪಿ ರಿಪಬ್ಲಿಕನ್ ಪಕ್ಷವನ್ನು ಹಿಡಿದಿದೆ. ಪಕ್ಷಗಳ ಹೆಸರು ಬದಲಾಗಲಿಲ್ಲ. ಸಂಸ್ಥಾನಗಳು ಜಾಗ ಬಿಟ್ಟು ಕದಲಲಿಲ್ಲ. ಹಾಗಾದರೆ ಬದಲಾದುದು ಯಾವುದು?

ಮೇಲ್ನೋಟಕ್ಕೆ ಇದು ರಾಜಕಾರಣದ ವಿಷಯ. ಆದರೆ ಕೋಟ್ಯಂತರ ಜನರು ಗುಟ್ಟಾಗಿ ಕೊಟ್ಟ ಮತಗಳಿಂದ ಅವರ ಮನಸ್ಸಿನ ಚಲನೆಯನ್ನು ತಿಳಿಯುವುದು ವಿಜ್ಞಾನಕ್ಕೂ ಸೇರಿದ ಸಮಸ್ಯೆ. ಅದಕ್ಕೆ ಅಳತೆ ಬೇಕು, ಅಳತೆಯ ಸಾಧನ ಬೇಕು, ಸಾಧನದ ದೋಷಗಳ ಅರಿವೂ ಬೇಕು. ಇವುಗಳನ್ನು ನಾವಿಲ್ಲಿ ಒಂದೊಂದಾಗಿ ವಿಚಾರಿಸೋಣ.

ಹಿಗ್ಗಿಸಿ ತೋರಿಸುವ ಕನ್ನಡಿ

ಅಮೆರಿಕದ ಅಧ್ಯಕ್ಷನನ್ನು ಮತದಾರರು ನೇರವಾಗಿ ಆರಿಸುವುದಿಲ್ಲ. ಪ್ರತಿ ಸಂಸ್ಥಾನಕ್ಕೂ ಇಷ್ಟು ಮಂದಿ ಚುನಾಯಕರೆಂದು ಗೊತ್ತುಮಾಡಲಾಗಿದೆ. 1964ರ ಚುನಾವಣೆಯಿಂದ ಇವರ ಒಟ್ಟು ಸಂಖ್ಯೆ 538. ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ಸಂಸ್ಥಾನಗಳನ್ನು ಬಿಟ್ಟರೆ ಉಳಿದೆಡೆಗಳಲ್ಲಿ, ಹೆಚ್ಚು ಮತ ಪಡೆದ ಉಮೇದುವಾರನಿಗೆ ಆ ಸಂಸ್ಥಾನದ ಚುನಾಯಕರೆಲ್ಲರೂ ಸಲ್ಲುತ್ತಾರೆ. ಅಂತರವು ಎಷ್ಟೇ ಸಣ್ಣದಾಗಿರಲಿ, ಸೋತವನಿಗೆ ಏನೂ ಉಳಿಯದು.

ಇದರ ಪರಿಣಾಮವನ್ನು 1936ರ ಚುನಾವಣೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಡೆಮೊಕ್ರಾಟಿಕ್ ಪಕ್ಷದ ಫ್ರಾಂಕ್ಲಿನ್ ರೂಸ್‌ವೆಲ್ಟರು ಆಗಿದ್ದ 48 ಸಂಸ್ಥಾನಗಳಲ್ಲಿ 46ನ್ನು ಗೆದ್ದರು. 531 ಚುನಾಯಕರಲ್ಲಿ 523 ಮಂದಿ ಅವರ ಪಾಲಾದರು. ರಿಪಬ್ಲಿಕನ್ ಪಕ್ಷದ ಆಲ್ಫ್ರೆಡ್ ಲ್ಯಾಂಡನ್ನರಿಗೆ ದೊರೆತುದು ಮೇನ್ ಮತ್ತು ವರ್ಮಾಂಟ್ ಮಾತ್ರ. ಚುನಾಯಕರು 8 ಮಂದಿ, ಎಂದರೆ ನೂರಕ್ಕೆ ಒಂದೂವರೆ. ಆದರೆ ಜನರು ಕೊಟ್ಟ ಮತಗಳಲ್ಲಿ ಲ್ಯಾಂಡನ್ನರ ಪಾಲು ನೂರಕ್ಕೆ 36ಕ್ಕೂ ಮಿಕ್ಕಿತ್ತು. ಆದುದರಿಂದ ಚುನಾಯಕರ ಲೆಕ್ಕವು ಸಣ್ಣದನ್ನು ಹಿಗ್ಗಿಸಿ ತೋರಿಸುವ ಕನ್ನಡಿಯಂತಹುದು. ಗೆದ್ದವರಾರೆಂಬುದನ್ನು ಅದು ಸರಿಯಾಗಿ ಹೇಳುತ್ತದೆ. ಜನರ ಮನಸ್ಸು ಎಷ್ಟು ಹೊರಳಿತೆಂಬುದನ್ನು ಹೇಳದು.

ಮತ ಬೇರೆ, ನಿಷ್ಠೆ ಬೇರೆ

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. 1952ರಲ್ಲಿ ಮತ್ತು 1956ರಲ್ಲಿ ರಿಪಬ್ಲಿಕನ್ ಪಕ್ಷದ ಐಸೆನ್‌ಹೋವರರು ಭಾರಿ ಬಹುಮತದಿಂದ ಗೆದ್ದರು. ಹಾಗಾದರೆ ದೇಶವು ರಿಪಬ್ಲಿಕನ್ ಆಯಿತೆನ್ನೋಣವೆ? 1956ರಲ್ಲಿ ಅದೇ ಮತದಾರರು ಕಾಂಗ್ರೆಸ್ಸಿನ ಎರಡು ಸಭೆಗಳಲ್ಲಿಯೂ ಡೆಮೊಕ್ರಾಟಿಕ್ ಪಕ್ಷಕ್ಕೆ ಬಹುಮತ ಕೊಟ್ಟರು!

ಈ ಒಗಟನ್ನು ಬಿಡಿಸಲು ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಸರಳವಾದ ಒಂದು ಸಾಧನವನ್ನು ರೂಪಿಸಿದರು. ಈ ಸಲ ಯಾರಿಗೆ ಮತ ಕೊಟ್ಟಿರಿ ಎಂದು ಕೇಳುವುದರ ಜೊತೆಗೆ, ಸಾಮಾನ್ಯವಾಗಿ ನೀವು ನಿಮ್ಮನ್ನು ಯಾವ ಪಕ್ಷದವರೆಂದು ಭಾವಿಸುತ್ತೀರಿ ಎಂದೂ ಅವರು ಕೇಳಿದರು. ಉತ್ತರಗಳನ್ನು ದೃಢ ಡೆಮೊಕ್ರಾಟ್ ಮೊದಲ್ಗೊಂಡು, ಯಾವ ಪಕ್ಷಕ್ಕೂ ಸೇರದವರ ಮೂಲಕ, ದೃಢ ರಿಪಬ್ಲಿಕನ್ನರ ವರೆಗೆ ಏಳು ಮೆಟ್ಟಿಲುಗಳ ಮಾಪಕದಲ್ಲಿ ಜೋಡಿಸಿದರು. ಆಗ ತಿಳಿದುಬಂದುದೇನೆಂದರೆ, ಐಸೆನ್‌ಹೋವರರು ಗೆದ್ದ ವರ್ಷಗಳಲ್ಲಿಯೂ ತಮ್ಮನ್ನು ಡೆಮೊಕ್ರಾಟರೆಂದು ಕರೆದುಕೊಂಡವರೇ ಹೆಚ್ಚಾಗಿದ್ದರು. ಆ ಮಹಾಸೇನಾನಿಯ ಮೇಲಿನ ಗೌರವದಿಂದ ಹಲವರು ಪಕ್ಷದ ಗೆರೆಯನ್ನು ದಾಟಿದ್ದರು, ನಿಷ್ಠೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಈ ಶೋಧನೆಗಳು 1960ರಲ್ಲಿ ‘ದಿ ಅಮೆರಿಕನ್ ವೋಟರ್’ ಎಂಬ ಗ್ರಂಥವಾಗಿ ಹೊರಬಂದವು.

ಪಕ್ಷನಿಷ್ಠೆಯು ಬಹುಮಟ್ಟಿಗೆ ಮನೆಯಿಂದಲೇ ಬರುವುದೆಂಬುದೂ ಕಂಡುಬಂದಿತು. 1965ರಲ್ಲಿ ಹೈಸ್ಕೂಲಿನ ಕೊನೆಯ ತರಗತಿಯ ಸಾವಿರದ ಆರುನೂರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಅವರ ತಂದೆತಾಯಿಗಳ ಉತ್ತರಗಳೊಡನೆ ಹೋಲಿಸಲಾಯಿತು. ಇತರ ರಾಜಕೀಯ ವಿಷಯಗಳಲ್ಲಿ ಮಕ್ಕಳ ಅಭಿಪ್ರಾಯಕ್ಕೂ ಹಿರಿಯರ ಅಭಿಪ್ರಾಯಕ್ಕೂ ಅಷ್ಟಾಗಿ ಹೊಂದಿಕೆ ಇರಲಿಲ್ಲ. ಪಕ್ಷದ ವಿಷಯದಲ್ಲಿ ಮಾತ್ರ ಹೊಂದಿಕೆ ಎದ್ದುಕಾಣುವಂತಿತ್ತು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವ ವಸ್ತುವು ಬದಲಾಗುವುದಾದರೂ ಹೇಗೆ?

ಕೆರೆಯ ಮಟ್ಟ ಮತ್ತು ಕೆರೆಯ ನೀರು

ಇದನ್ನು ಒಂದು ಉಪಮಾನದಿಂದ ತಿಳಿಯಬಹುದು. ಕೆರೆಯ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಒಂದೇ ಆಗಿದ್ದರೂ ಒಳಗಿರುವ ನೀರು ಹಳೆಯದಲ್ಲ. ತೂಬಿನಿಂದ ಒಂದಿಷ್ಟು ಹೊರಹರಿಯುತ್ತದೆ, ಹಳ್ಳದಿಂದ ಒಂದಿಷ್ಟು ಒಳಬರುತ್ತದೆ. ಮತದಾರರ ಸಮೂಹವೂ ಹೀಗೆಯೇ. ಒಂದು ಊರಿನಲ್ಲಿ 1000 ಮತದಾರರಿದ್ದು, ಮೊದಲ ಚುನಾವಣೆಯಲ್ಲಿ ಒಂದು ಪಕ್ಷಕ್ಕೆ 600, ಇನ್ನೊಂದಕ್ಕೆ 400 ಮತಗಳು ಬಂದವೆಂದು ಭಾವಿಸೋಣ. ಮುಂದಿನ ಚುನಾವಣೆಯಲ್ಲಿ ಎರಡಕ್ಕೂ 500 ಬಂದವು. ನೂರು ಮಂದಿ ಪಕ್ಷ ಬದಲಿಸಿದರೆಂದು ನಾವು ಕೂಡಲೆ ಹೇಳಿಬಿಡುತ್ತೇವೆ. ಆದರೆ 250 ಮಂದಿ ಆ ಕಡೆಗೂ 150 ಮಂದಿ ಈ ಕಡೆಗೂ ಹೋಗಿದ್ದರೂ ಇದೇ ಫಲ ಬರುತ್ತದೆ. ಒಬ್ಬರೂ ಮನಸ್ಸು ಬದಲಿಸದೆ, ಮೊದಲ ಪಕ್ಷದ ನೂರು ಮಂದಿ ಮುದುಕರು ತೀರಿಕೊಂಡು, ಎರಡನೆಯದರ ನೂರು ಮಂದಿ ತರುಣರು ಪಟ್ಟಿಗೆ ಸೇರಿದ್ದರೂ ಇದೇ ಫಲ ಬರುತ್ತದೆ.

ಮೊತ್ತದ ಅಂಕಿಗಳಿಂದ ವ್ಯಕ್ತಿಗಳ ನಡತೆಯನ್ನು ಊಹಿಸುವುದು ಅಪಾಯಕರವೆಂದು 1950ರಲ್ಲಿ ಡಬ್ಲ್ಯೂ. ಎಸ್. ರಾಬಿನ್‌ಸನ್ ಎಂಬ ಸಮಾಜಶಾಸ್ತ್ರಜ್ಞರು ಗಣಿತದ ಮೂಲಕ ತೋರಿಸಿಕೊಟ್ಟರು. ಇದಕ್ಕೆ ಪರಿಹಾರವೆಂದರೆ ಅದೇ ವ್ಯಕ್ತಿಗಳನ್ನು ಮತ್ತೆ ಮತ್ತೆ ಪ್ರಶ್ನಿಸುವುದು. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವರ ಸಹೋದ್ಯೋಗಿಗಳು 1940ರಲ್ಲಿ ಒಹಾಯೋ ಸಂಸ್ಥಾನದ ಈರಿ ಕೌಂಟಿಯಲ್ಲಿ ಹೀಗೆ ಮಾಡಿದರು. (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ಆಡಳಿತ ವಿಭಾಗ.) ಮೇ ತಿಂಗಳಿನಿಂದ ನವೆಂಬರಿನ ವರೆಗೆ 600 ಮಂದಿಯನ್ನು ಅವರು ತಿಂಗಳು ತಿಂಗಳೂ ವಿಚಾರಿಸಿದರು. ಪ್ರಚಾರದ ಅಬ್ಬರದಲ್ಲಿ ಒಂದು ಪಕ್ಷವನ್ನು ಬಿಟ್ಟು ಇನ್ನೊಂದಕ್ಕೆ ಪೂರ್ತಿಯಾಗಿ ಹೋದವರು ನೂರಕ್ಕೆ ಸುಮಾರು ಎಂಟು ಮಂದಿ ಮಾತ್ರ. ಹೆಚ್ಚಿನವರಲ್ಲಿ ಪ್ರಚಾರವು ಮೊದಲಿನ ಒಲವನ್ನೇ ಗಟ್ಟಿಮಾಡಿತ್ತು.

ಥಟ್ಟನೆ ಬರುವ ಬದಲಾವಣೆ, ಮೆಲ್ಲನೆ ಬರುವ ಬದಲಾವಣೆ

ನಿಷ್ಠೆಯು ಹೊರಳುವ ಬಗೆಗಳನ್ನು ವಿ. ಓ. ಕೀ ಎಂಬ ವಿದ್ವಾಂಸರು ಎರಡಾಗಿ ವಿಂಗಡಿಸಿದರು. 1955ರ ಲೇಖನದಲ್ಲಿ ಅವರು ಮ್ಯಾಸಚೂಸೆಟ್ಸ್ ಸಂಸ್ಥಾನದ ಎರಡು ಊರುಗಳನ್ನು ಹೋಲಿಸಿದರು. ಸಾಮರ್‌ವಿಲ್ ಎಂಬುದು ಬಾಸ್ಟನ್ನಿನ ಬಳಿಯ ಕೈಗಾರಿಕೆಯ ಪಟ್ಟಣ. ಆಶ್‌ಫೀಲ್ಡ್ ಎಂಬುದು ರೈತರ ಸಣ್ಣ ಊರು. 1928ರಲ್ಲಿ ಕ್ಯಾಥೊಲಿಕರಾದ ಆಲ್ ಸ್ಮಿತ್ತರು ಡೆಮೊಕ್ರಾಟಿಕ್ ಉಮೇದುವಾರರಾಗಿ ನಿಂತಾಗ ಸಾಮರ್‌ವಿಲ್ ಅವರ ಕಡೆಗೆ ಜೋರಾಗಿ ವಾಲಿತು. ಆಶ್‌ಫೀಲ್ಡ್ ಮತ್ತಷ್ಟು ದೂರ ಸರಿಯಿತು. ಸ್ಮಿತ್ತರು ದೇಶದಲ್ಲಿ ಸೋತರು. ಆದರೆ ಎರಡು ಊರುಗಳ ನಡುವೆ ಆಗ ಬಿದ್ದ ಅಂತರವು ಮುಂದಿನ ಚುನಾವಣೆಗಳಲ್ಲಿಯೂ ಉಳಿಯಿತು. ಥಟ್ಟನೆ ಬಂದು ಬಾಳಿಕೆಯಾಗುವ ಇಂತಹ ಬದಲಾವಣೆಯ ಚುನಾವಣೆಯನ್ನು ಕೀ ಅವರು ನಿರ್ಣಾಯಕ ಚುನಾವಣೆ ಎಂದು ಕರೆದರು. 1929ರ ಆರ್ಥಿಕ ಕುಸಿತದ ತರುವಾಯ, 1932ರಲ್ಲಿ ಮತ್ತು 1936ರಲ್ಲಿ, ಈ ಹೊಳೆಗೆ ದೇಶದ ನಾನಾ ಭಾಗಗಳ ಕಾರ್ಮಿಕರೂ ನಿರುದ್ಯೋಗಿಗಳೂ ಬಂದು ಸೇರಿದರು. 1959ರಲ್ಲಿ ಕೀ ಅವರೇ ಎರಡನೆಯ ಬಗೆಯನ್ನು ವಿವರಿಸಿದರು: ದಶಕಗಳ ಕಾಲ, ಚುನಾವಣೆಯಿಂದ ಚುನಾವಣೆಗೆ ಕೊಂಚ ಕೊಂಚವಾಗಿ ಒಂದೇ ದಿಕ್ಕಿಗೆ ನಡೆಯುವ ಚಲನೆ.

ಮಿಸಿಸಿಪ್ಪಿಯ ಒಗಟು

ಈಗ ಮೊದಲಿನ ಪ್ರಶ್ನೆಗೆ ಬರೋಣ. 1936ರಲ್ಲಿ ಮಿಸಿಸಿಪ್ಪಿಯ ಮತಗಳಲ್ಲಿ ನೂರಕ್ಕೆ 97 ರೂಸ್‌ವೆಲ್ಟರಿಗೆ ಬಂದವು. ಇಡೀ ಜನತೆ ಒಮ್ಮನಸ್ಸಾಗಿತ್ತೆಂದು ತೋರುತ್ತದೆ. ಆದರೆ ಮತಗಳ ಒಟ್ಟು ಸಂಖ್ಯೆಯನ್ನು ನೋಡಿದರೆ ಸುಮಾರು 1,62,000. ಸಂಸ್ಥಾನದ ಜನಸಂಖ್ಯೆಯೋ 20 ಲಕ್ಷಕ್ಕೆ ಮಿಕ್ಕಿದ್ದು. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಆಫ್ರಿಕ ಮೂಲದ ಕರಿಯರು. 1890ರ ಸಂಸ್ಥಾನ ಸಂವಿಧಾನವು ತಲೆಗಂದಾಯ, ಅಕ್ಷರಪರೀಕ್ಷೆ ಮುಂತಾದ ಉಪಾಯಗಳಿಂದ ಅವರನ್ನು ಮತಪೆಟ್ಟಿಗೆಯ ಬಳಿಗೆ ಬಾರದಂತೆ ತಡೆದಿತ್ತು. ನೂರಕ್ಕೆ 97 ಎಂಬ ಅಂಕಿಯು ಸುಳ್ಳಲ್ಲ. ಆದರೆ ಅದು ಯಾರ ನೂರು ಎಂಬುದನ್ನು ಕೇಳದೆ ಹೋದರೆ ನಾವು ಮೋಸಹೋಗುತ್ತೇವೆ.

ಗುಲಾಮಗಿರಿಯನ್ನು ಅಳಿಸಿದ ಲಿಂಕನ್ನರ ಪಕ್ಷವೆಂದು ದೇಶದ ಕರಿಯ ಮತದಾರರು ಬಹುಕಾಲ ರಿಪಬ್ಲಿಕನ್ ಪಕ್ಷಕ್ಕೆ ಅಂಟಿಕೊಂಡಿದ್ದರು. 1936ರಲ್ಲಿ, ಮತ ಕೊಡಲು ಅವಕಾಶವಿದ್ದ ಕಡೆಗಳಲ್ಲಿ, ಅವರ ಬಹುಭಾಗ ರೂಸ್‌ವೆಲ್ಟರ ಕಡೆಗೆ ತಿರುಗಿತು. ಗ್ಯಾಲಪ್ ಸಂಸ್ಥೆಯ ಅಂದಾಜಿನಂತೆ, ಬಿಳಿಯರಲ್ಲದ ಮತದಾರರಲ್ಲಿ 1960ರಲ್ಲಿಯೂ ನೂರಕ್ಕೆ ಸುಮಾರು 32 ಮಂದಿ ರಿಪಬ್ಲಿಕನ್ನರಿಗೆ ಮತ ಕೊಟ್ಟಿದ್ದರು. 1964ರಲ್ಲಿ ಆ ಸಂಖ್ಯೆ ಸುಮಾರು 6ಕ್ಕೆ ಇಳಿಯಿತು. 1964ರ ಜುಲೈ 2ರಂದು ಡೆಮೊಕ್ರಾಟಿಕ್ ಅಧ್ಯಕ್ಷ ಲಿಂಡನ್ ಜಾನ್‌ಸನ್ನರು ನಾಗರಿಕ ಹಕ್ಕುಗಳ ಶಾಸನಕ್ಕೆ ಸಹಿ ಹಾಕಿದ್ದರು; ರಿಪಬ್ಲಿಕನ್ ಉಮೇದುವಾರ ಬ್ಯಾರಿ ಗೋಲ್ಡ್‌ವಾಟರರು ಸೆನೆಟ್ಟಿನಲ್ಲಿ ಅದರ ವಿರುದ್ಧ ಮತ ಕೊಟ್ಟಿದ್ದರು. ಆ ವರ್ಷ ಜಾನ್‌ಸನ್ನರು ದೇಶದಲ್ಲಿ ನೂರಕ್ಕೆ 61 ಮತಗಳಿಂದ ಗೆದ್ದರು. ಮಿಸಿಸಿಪ್ಪಿಯಲ್ಲಿ ಗೋಲ್ಡ್‌ವಾಟರರಿಗೆ ನೂರಕ್ಕೆ 87 ಬಂದವು.

1964ರಲ್ಲಿ ಮಿಸಿಸಿಪ್ಪಿಯ ಅರ್ಹ ಕರಿಯರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ನೂರಕ್ಕೆ 7ರಷ್ಟೂ ಇರಲಿಲ್ಲ. 1965ರ ಮತದಾನ ಹಕ್ಕುಗಳ ಶಾಸನದ ತರುವಾಯ, 1967ರ ವೇಳೆಗೆ ಅದು ನೂರಕ್ಕೆ ಸುಮಾರು 60 ಆಯಿತು. ಹೀಗೆ ಒಂದೇ ಸಂಸ್ಥಾನದಲ್ಲಿ ಎರಡು ಚಲನೆಗಳು ಎದುರುಬದುರಾಗಿ ನಡೆದವು: ಹಿಂದೆ ತಡೆಯಲ್ಪಟ್ಟಿದ್ದ ಕರಿಯರು ಡೆಮೊಕ್ರಾಟರಾಗಿ ಒಳಬಂದರು, ಬಿಳಿಯರು ರಿಪಬ್ಲಿಕನ್ ಪಕ್ಷದ ಕಡೆಗೆ ನಡೆದರು. ಈ ನಡಿಗೆಯೂ ಒಂದೇ ದಿನದ್ದಲ್ಲ. 1968ರಲ್ಲಿ ಸಂಸ್ಥಾನವು ಮೂರನೆಯ ಪಕ್ಷದ ಜಾರ್ಜ್ ವಾಲೇಸರನ್ನೂ, 1976ರಲ್ಲಿ ಡೆಮೊಕ್ರಾಟ್ ಜಿಮ್ಮಿ ಕಾರ್ಟರರನ್ನೂ ಆರಿಸಿತು. ಸಂಸ್ಥಾನದ ಶಾಸನಸಭೆಯ ಕೆಳಮನೆಯು ರಿಪಬ್ಲಿಕನ್ನರ ಕೈಸೇರಿದುದು 2011ರ ಚುನಾವಣೆಯಲ್ಲಿ, ಎಂದರೆ ಗೋಲ್ಡ್‌ವಾಟರರ ಗೆಲವಿನ 47 ವರ್ಷಗಳ ಮೇಲೆ! ಅಧ್ಯಕ್ಷನಿಗೆ ಕೊಡುವ ಮತ ಬೇಗ ಬದಲಾಗುತ್ತದೆ; ತಾತನ ಕಾಲದಿಂದ ಬಂದ ಊರಿನ ಪಕ್ಷ ನಿಧಾನವಾಗಿ ಬದಲಾಗುತ್ತದೆ.

ವರ್ಮಾಂಟಿನ ದಾರಿ ಬೇರೆ. 1964ರಲ್ಲಿ ಅದೂ ಮೊದಲ ಬಾರಿಗೆ ಡೆಮೊಕ್ರಾಟಿಕ್ ಪಕ್ಷಕ್ಕೆ ಒಲಿಯಿತು. ಆದರೆ 1968ರಿಂದ 1988ರ ವರೆಗೆ ಮರಳಿ ತನ್ನ ಹಳೆಯ ಪಕ್ಷಕ್ಕೇ ನಿಂತಿತು. ಈ ನಡುವೆ ಹೊರಗಿನಿಂದ ಬಂದು ನೆಲಸಿದವರಿಂದ ಸಂಸ್ಥಾನದ ಜನ ಬೆಳೆಯಿತು: 1960ರಲ್ಲಿ ಸುಮಾರು 3,90,000 ಇದ್ದುದು 1980ರಲ್ಲಿ 5,11,000 ಆಯಿತು. ಇತ್ತ ದಕ್ಷಿಣದ ಬಲ ಹೆಚ್ಚಿದಂತೆಲ್ಲ ರಿಪಬ್ಲಿಕನ್ ಪಕ್ಷದ ಧೋರಣೆಯು ವರ್ಮಾಂಟಿನ ಹಳೆಯ ಸೌಮ್ಯ ರಿಪಬ್ಲಿಕನ್ನರಿಗೆ ಒಗ್ಗದಂತಾಯಿತು. ಕೆಲವರು ತಾವು ಬದಲಾಗದೆಯೇ, ಪಕ್ಷವು ಬದಲಾದುದರಿಂದ, ಹೊರಗುಳಿದರು. ಒಂದೇ 1964 ಒಂದು ಸಂಸ್ಥಾನಕ್ಕೆ ತಾತ್ಕಾಲಿಕ ವಿಚಲನೆ, ಇನ್ನೊಂದಕ್ಕೆ ದೀರ್ಘ ಪಯಣದ ದೊಡ್ಡ ಹೆಜ್ಜೆ. ಮುಂದಿನ ಚುನಾವಣೆಗಳು ನಡೆಯುವ ವರೆಗೆ ಇವೆರಡರ ಭೇದವನ್ನು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಈಚಿನ ಒಂದು ಉದಾಹರಣೆ

ಚಲನೆಯು ನಿಂತಿಲ್ಲ. ಟೆಕ್ಸಸ್ ಸಂಸ್ಥಾನದಲ್ಲಿ, ಮೆಕ್ಸಿಕೋದ ಗಡಿಯ ಮೇಲೆ, ಸ್ಟಾರ್ ಎಂಬ ಕೌಂಟಿ ಇದೆ. ಅಲ್ಲಿನ ನಿವಾಸಿಗಳು ಬಹುಮಟ್ಟಿಗೆ ಎಲ್ಲರೂ ಸ್ಪ್ಯಾನಿಷ್ ಭಾಷೆಯ ಮನೆತನಗಳಿಂದ ಬಂದವರು. 2012ರಲ್ಲಿ ಅಲ್ಲಿ ಡೆಮೊಕ್ರಾಟಿಕ್ ಪಕ್ಷಕ್ಕೆ ನೂರಕ್ಕೆ 86 ಮತಗಳು ಬಂದಿದ್ದವು, 2016ರಲ್ಲಿ 79, 2020ರಲ್ಲಿ 52. 2024ರಲ್ಲಿ ಡೊನಾಲ್ಡ್ ಟ್ರಂಪರು ಆ ಕೌಂಟಿಯನ್ನು ಗೆದ್ದರು. ರಿಪಬ್ಲಿಕನ್ ಉಮೇದುವಾರನೊಬ್ಬ ಅಲ್ಲಿ ಗೆದ್ದುದು 1892ರ ತರುವಾಯ ಅದೇ ಮೊದಲು. ಇದು ಬಾಳುವುದೆ, ಅಳಿಯುವುದೆ? ಕೀ ಅವರ ಲಕ್ಷಣದಂತೆ ಇದಕ್ಕೆ ಉತ್ತರ ಕೊಡಬೇಕಾದುದು ಮುಂಬರುವ ಚುನಾವಣೆಗಳು. ನಿರ್ಣಾಯಕ ಚುನಾವಣೆಗಳು ಇಂತಿಷ್ಟು ವರ್ಷಗಳಿಗೊಮ್ಮೆ ಗ್ರಹಣದಂತೆ ನಿಯಮಿತವಾಗಿ ಬರುವುವೆಂದು ಹಲವರು ವಾದಿಸಿದ್ದುಂಟು. 2002ರಲ್ಲಿ ಡೇವಿಡ್ ಮೇಹ್ಯೂ ಎಂಬ ವಿದ್ವಾಂಸರು ದಾಖಲೆಗಳನ್ನು ಪರಿಶೀಲಿಸಿ, ಅಂತಹ ಕಾಲಚಕ್ರಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತೋರಿಸಿದರು.

ಆದುದರಿಂದ ಯಾವ ದೇಶದ ಚುನಾವಣೆಯ ಅಂಕಿಗಳು ಕಣ್ಣಿಗೆ ಬಿದ್ದರೂ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕು. ಇದು ಸ್ಥಾನಗಳ ಲೆಕ್ಕವೋ, ಮತಗಳ ಲೆಕ್ಕವೋ? ಇದು ಈ ಸಲದ ಮತವೋ, ನೆಲೆನಿಂತ ನಿಷ್ಠೆಯೋ? ಬದಲಾದುದು ವ್ಯಕ್ತಿಗಳ ಮನಸ್ಸೋ, ಮತದಾರರ ಪಟ್ಟಿಯೋ, ಪಕ್ಷವೇ ಹಿಡಿದ ದಾರಿಯೋ? ಎಲ್ಲಕ್ಕಿಂತ ಮಿಗಿಲಾಗಿ, ಎಣಿಕೆಗೆ ಸೇರದೆ ಹೊರಗುಳಿದವರು ಯಾರು? 1936ರ ಮಿಸಿಸಿಪ್ಪಿಯ ಕೋಷ್ಟಕದಲ್ಲಿ ಈ ಕೊನೆಯ ಪ್ರಶ್ನೆಗೆ ಉತ್ತರವಿಲ್ಲ. ಅದನ್ನು ತಿಳಿಯಬೇಕಾದರೆ ಕೋಷ್ಟಕದ ಪಕ್ಕದಲ್ಲಿ ಜನಗಣತಿಯ ಪುಸ್ತಕವನ್ನೂ ತೆರೆದಿಟ್ಟುಕೊಳ್ಳಬೇಕಾಗುತ್ತದೆ.